ಉಪ್ಪಿನ ಹರಳಿನೊಳಗೆ

ಎಲೆಯ ತುದಿಗೆ ಬಡಿಸುವ ಉಪ್ಪಿನಲ್ಲಿರುವ ಮೂಲವಸ್ತುಗಳು ಎರಡೇ: ಸೋಡಿಯಂ ಮತ್ತು ಕ್ಲೋರೀನು. ಬಿಡಿಬಿಡಿಯಾಗಿ ಎರಡೂ ಅಪಾಯಕಾರಿಗಳು. ಸೋಡಿಯಂ, ನೀರು ತಾಕಿದರೆ ಸಿಡಿಯುವ ಲೋಹ, ಸೀಮೆಎಣ್ಣೆಯಲ್ಲಿ ಮುಳುಗಿಸಿಡಬೇಕು. ಕ್ಲೋರೀನು ಉಸಿರುಗಟ್ಟಿಸುವ ವಿಷಾನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ರಣರಂಗದಲ್ಲಿ ಸೈನಿಕರ ಮೇಲೆ ಹರಿಯಬಿಟ್ಟದ್ದು ಇದನ್ನೇ.

ಇವೆರಡೂ ಸೇರಿ ಊಟಕ್ಕೆ ರುಚಿಯಾದುದು ಹೇಗೆ?

ಪರಮಾಣುವಿನ ನಡುವೆ ಬೀಜ. ಅದರ ಸುತ್ತ ಕವಚ ಕವಚವಾಗಿ ಎಲೆಕ್ಟ್ರಾನುಗಳು. ಹೊರಗಿನ ಕವಚದಲ್ಲಿರುವವಕ್ಕೆ ವೇಲೆನ್ಸಿ ಎಲೆಕ್ಟ್ರಾನುಗಳೆಂದು ಹೆಸರು. ಪರಮಾಣುಗಳ ಕೊಡುಕೊಳ್ಳುವಿಕೆಯೆಲ್ಲ ಇವುಗಳ ಮೂಲಕವೇ. ಸೋಡಿಯಂನಲ್ಲಿ 11 ಎಲೆಕ್ಟ್ರಾನುಗಳು: ಒಳಗೆ 2, ಆಮೇಲೆ 8, ಹೊರಗೆ 1. ಕ್ಲೋರೀನಿನಲ್ಲಿ 17: 2, 8, 7. ಹೊರಕವಚದಲ್ಲಿ ಎಂಟಿದ್ದರೆ ಇವಕ್ಕೆ ನೆಮ್ಮದಿ. ಸೋಡಿಯಂ ತನ್ನ ಒಂದನ್ನು ಬಿಟ್ಟುಕೊಡುತ್ತದೆ. ಕ್ಲೋರೀನು ಅದನ್ನು ಪಡೆದು ಎಂಟು ಮಾಡಿಕೊಳ್ಳುತ್ತದೆ. ಕೊಟ್ಟದ್ದು ಧನ ವಿದ್ಯುತ್ತಿನದಾಗುತ್ತದೆ, ಪಡೆದದ್ದು ಋಣ ವಿದ್ಯುತ್ತಿನದು. ಧನ ಋಣಗಳ ಸೆಳೆತವೇ ಉಪ್ಪಿನ ಹರಳನ್ನು ಹಿಡಿದು ನಿಲ್ಲಿಸಿರುವ ಬಂಧ. ಬೀಜಗಳು ಇದ್ದಂತೆಯೇ ಇವೆ. ಒಂದು ಎಲೆಕ್ಟ್ರಾನು ಕೈ ಬದಲಾಯಿಸಿತು, ಗುಣವೇ ಬೇರೆಯಾಯಿತು.

ಕೊಡದೆ, ಹಂಚಿಕೊಂಡೂ ಬೆಸೆಯಬಹುದೆಂದು 1916ರಲ್ಲಿ ತೋರಿಸಿದವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. ಕ್ಲೋರೀನು ಅನಿಲದಲ್ಲಿ ಪರಮಾಣುಗಳು ಇಬ್ಬಿಬ್ಬರಾಗಿ ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುತ್ತವೆ. ಈ ಬಂಧ ಅಷ್ಟು ಬಲವಾದುದಲ್ಲ. ಇತರ ವಸ್ತುಗಳಿಂದ ಎಲೆಕ್ಟ್ರಾನು ಕಿತ್ತುಕೊಳ್ಳುವ ಹಸಿವು ಅದಕ್ಕೆ ಉಳಿದೇ ಇರುತ್ತದೆ. ವಿಷವೆಂದರೆ ಆ ಹಸಿವೇ.

ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಕ್ಲೋರೀನಿಗೂ ಉಪ್ಪಿನಲ್ಲಿರುವ ನೆಮ್ಮದಿಯಿಲ್ಲ. ಕ್ರಿಮಿಗಳನ್ನು ಕೊಲ್ಲುವುದು ಅದರಿಂದಲೇ. ಆದರೆ ಆಸಿಡ್ ತಗುಲಿದರೆ ಅದು ವಿಷಾನಿಲವಾಗಿ ಹೊರಬೀಳುತ್ತದೆ. ಬಚ್ಚಲು ತೊಳೆಯುವಾಗ ಇವೆರಡನ್ನೂ ಎಂದಿಗೂ ಬೆರೆಸಬೇಡಿ. ಮನೆಯ ಕೆಲಸದವರಿಗೂ ಈ ಮಾತನ್ನು ತಿಳಿಸಿ.