ಶೇಂಗಾ ಬಳ್ಳಿ ಬಾಡಿದರೆ ಬೇರು ಸೀಳಿ ನೋಡಿರಿ



ಜಾಲಿ ಗಿಡದಲ್ಲಿ ಹಸಿರಾಗಿ ಮಿರುಗುವ ಜೀರ್ಜಿಂಬೆಯನ್ನು ತಾವೆಲ್ಲರೂ ಬಲ್ಲಿರಿ. ಮಕ್ಕಳು ಅದನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು ಆಡುತ್ತಾರೆ. ಅದೇ ಕುಲದ ಚಿಕ್ಕ ದುಂಬಿಯೊಂದು ಶೇಂಗಾ ಬೆಳೆಗೆ ವೈರಿ. ಇದರ ಶಾಸ್ತ್ರೀಯ ಹೆಸರು ಸ್ಫೆನೊಪ್ಟೆರಾ ಇಂಡಿಕಾ. ತೊಗರಿಯನ್ನೂ ಇದು ಬಿಡುವುದಿಲ್ಲ. ಇದರ ದಾಯಾದಿಯಾದ ಇನ್ನೊಂದು ದುಂಬಿ ಹತ್ತಿಯ ಕಾಂಡವನ್ನು ಕೊರೆಯುತ್ತದೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಈ ಮೂರೂ ಬೆಳೆಗಳಿರುವುದರಿಂದ ಈ ಕೀಟದ ಪರಿಚಯ ಇಲ್ಲಿನ ರೈತರಿಗೆ ಅವಶ್ಯ.

ದುಂಬಿಯು ಕಂದು ಬಣ್ಣದ್ದು, ಲೋಹದಂತೆ ಹೊಳೆಯುವಂಥದು. ಉದ್ದ ಸುಮಾರು ಒಂದು ಸೆಂಟಿಮೀಟರ್. ಹೆಣ್ಣು ದುಂಬಿ ಗಿಡದ ಬುಡದಲ್ಲಿ, ನೆಲಮಟ್ಟದ ಹತ್ತಿರ, ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮರಿಹುಳುವಿಗೆ ಕಾಲುಗಳಿಲ್ಲ. ಬಣ್ಣ ಮಾಸಲು ಹಳದಿ, ಎದೆಯ ಭಾಗ ಉಬ್ಬಿ ಗುಂಡಾಗಿದ್ದು ಉಳಿದ ದೇಹ ಸಪೂರ. ಇದು ಕಾಂಡದೊಳಗೆ ಹೊಕ್ಕು ತಾಯಿಬೇರಿನವರೆಗೆ ತಿರುಳನ್ನು ತಿನ್ನುತ್ತದೆ. ಗಿಡ ಬಾಡಿ ಒಣಗುತ್ತದೆ.

ಮೋಸ ಹೋಗುವುದು ಇಲ್ಲಿಯೇ. ಬಾಡಿದ ಬಳ್ಳಿ ಕಂಡೊಡನೆ ನೀರು ಸಾಲದೆಂದೋ, ಕೊಳೆ ರೋಗವೆಂದೋ ತಿಳಿದು ಔಷಧಿ ಅಂಗಡಿಗೆ ಓಡುವುದುಂಟು. ಶಿಲೀಂಧ್ರನಾಶಕದಿಂದ ಹುಳು ಸಾಯದು. ಎಲೆಯ ಮೇಲೆ ಹೊಡೆದ ಔಷಧಿ ಕಾಂಡದೊಳಗಿನ ಹುಳುವಿಗೆ ತಲುಪದು. ಹಣ ಹೋಗುತ್ತದೆ, ಹುಳು ಉಳಿಯುತ್ತದೆ.

ಆದುದರಿಂದ ಮೊದಲು ನಾಲ್ಕಾರು ಬಾಡಿದ ಗಿಡ ಕಿತ್ತು ಬುಡವನ್ನು ಉದ್ದಕ್ಕೆ ಸೀಳಿರಿ. ಬುಡದಲ್ಲಿ ಕಪ್ಪು ಪುಡಿಯಾಗಲಿ, ಬಿಳಿ ಬೂಷ್ಟು ಮತ್ತು ಸಾಸಿವೆಯಂಥ ಕಾಳುಗಳಾಗಲಿ ಇದ್ದರೆ ರೋಗ. ಸುರಂಗ, ಹಿಟ್ಟಿನಂಥ ಪುಡಿ, ತಲೆಯ ಕಡೆ ದಪ್ಪಗಿರುವ ಹುಳು ಕಂಡರೆ ಈ ಕೀಟ. ತೊಗರಿಯಲ್ಲಿ ಬುಡದ ಕಾಂಡ ಗಂಟಿನಂತೆ ಉಬ್ಬಿರುವುದೂ ಒಂದು ಗುರುತು.

ಹತೋಟಿ ಕ್ರಮಗಳು:

1. ಬಾಡಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕು. ಬದುವಿನ ಮೇಲೆ ಎಸೆದರೆ ಒಳಗಿನ ಹುಳು ದುಂಬಿಯಾಗಿ ಹೊರಬರುತ್ತದೆ.

2. ಕೊಯ್ಲಾದ ಮೇಲೆ ಕೂಳೆ ಆರಿಸಿ, ಆಳವಾಗಿ ಮಾಗಿ ಉಳುಮೆ ಮಾಡಬೇಕು.

3. ಉರುವಲಿಗೆಂದು ಒಟ್ಟಿದ ಹತ್ತಿಕಟ್ಟಿಗೆಯನ್ನು ಮುಂದಿನ ಬಿತ್ತನೆಗೆ ಮೊದಲೇ ಉರಿಸಿ ಮುಗಿಸಬೇಕು.

4. ಕೀಟ ಕಂಡ ಹೊಲದಲ್ಲಿ ಶೇಂಗಾದ ಹಿಂದೆ ತೊಗರಿ ಬೇಡ. ಜೋಳ ಅಥವಾ ಸಜ್ಜೆ ಬಿತ್ತುವುದು ಲೇಸು.

ಸಂಶಯವಿದ್ದರೆ ಸೀಳಿದ ಗಿಡವನ್ನು ಹುಳುವಿನೊಂದಿಗೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ಭೀಮರಾಯನಗುಡಿಯ ಕೃಷಿ ಕಾಲೇಜಿಗಾಗಲಿ ತಂದು ತೋರಿಸಿರಿ. ಔಷಧಿ ಬೇಕೇ ಬೇಡವೇ ಎಂಬುದನ್ನು ಆಮೇಲೆ ನಿರ್ಧರಿಸೋಣ.