ತಲೆಸುತ್ತು ಮತ್ತು ಅದರ ಗುಳಿಗೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಆದರೂ ಈ ವಿಷಯ ಎತ್ತಿಕೊಳ್ಳಲು ಕಾರಣವುಂಟು. ನಮ್ಮವರಿಗೆ ತಲೆ ಸುತ್ತಿದರೆ "ಪಿತ್ತ ನೆತ್ತಿಗೇರಿದೆ" ಎಂದು ಮೊದಲು ನಿಂಬೆಹಣ್ಣಿನ ಪಾನಕ ಕುಡಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಔಷಧದಂಗಡಿಗೆ ಹೋಗಿ "ಚಕ್ಕರ್ ಕೀ ಗೋಲಿ" ಕೇಳುತ್ತಾರೆ. ಅದರಿಂದ ಸುತ್ತು ನಿಂತಿತೆಂದು ಅದೇ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಈ ಅಭ್ಯಾಸದಿಂದ ಕೆಡುಕುಂಟು ಎಂಬುದೇ ಇಂದಿನ ನನ್ನ ಮಾತಿನ ಸಾರ.

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಒಳಗಿವಿಯಲ್ಲಿ ಬಳೆಯ ತುಂಡಿನಂತೆ ಬಾಗಿದ 3 ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ಆ ದ್ರವದ ಚಲನೆಯನ್ನು ನರವು ಮೆದುಳಿಗೆ ತಿಳಿಸುತ್ತದೆ. ಹುಡುಗರು ಗಿರ್ರನೆ ತಿರುಗಿ ನಿಂತಾಗ ನೆಲ ಸುತ್ತುವುದೇಕೆ? ಕಾಲು ನಿಂತರೂ ಒಳಗಿನ ದ್ರವ ಕೂಡಲೇ ನಿಲ್ಲುವುದಿಲ್ಲ. ಎರಡು ಕಿವಿಗಳ ವರದಿ ಒಂದಕ್ಕೊಂದು ತಾಳೆಯಾಗದಿದ್ದರೆ ಮೆದುಳಿಗೆ ಗೊಂದಲವಾಗುತ್ತದೆ. ಅದೇ ಬವಳಿ.

ಇದಕ್ಕೆ ಕಾರಣ ಹಲವು. ಎಲ್ಲಕ್ಕಿಂತ ಸಾಮಾನ್ಯವಾದುದು ಹರಳಿನ ತೊಂದರೆ. ಒಳಗಿವಿಯ ಸುಣ್ಣದಂಶದ ಸೂಕ್ಷ್ಮ ಹರಳುಗಳು ಸ್ಥಾನ ಬಿಟ್ಟು ನಾಳದೊಳಕ್ಕೆ ಸೇರುತ್ತವೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ಹಲಗೆಯತ್ತ ಕತ್ತೆತ್ತಿದಾಗ, ಒಂದು ನಿಮಿಷದೊಳಗೆ ಮುಗಿಯುವ ಜೋರಾದ ಸುತ್ತು ಬರುತ್ತದೆ. ಯಾವ ಗುಳಿಗೆಯೂ ಹರಳನ್ನು ಸ್ವಸ್ಥಾನಕ್ಕೆ ಸೇರಿಸಲಾರದು. ರೋಗಿಯನ್ನು ಮಲಗಿಸಿ ತಲೆಯನ್ನು ಕ್ರಮವಾಗಿ ಹೊರಳಿಸುವ ವಿಧಾನವೊಂದುಂಟು. ಅಮೆರಿಕದ ವೈದ್ಯ ಜಾನ್ ಎಪ್ಲಿ ಅದನ್ನು 1992ರಲ್ಲಿ ವಿವರಿಸಿ ಪ್ರಕಟಿಸಿದರು. ಕೆಲವೇ ನಿಮಿಷಗಳ ಕೆಲಸ. ಬಹುಮಂದಿಗೆ ಒಂದೆರಡು ಸಲದಲ್ಲೇ ಗುಣ ಕಾಣುತ್ತದೆ. ಯಾವ ಕಿವಿಯೆಂದು ಪರೀಕ್ಷಿಸಿ ವೈದ್ಯರೇ ಅದನ್ನು ಮಾಡತಕ್ಕದ್ದು.

ಎರಡನೆಯದು ಕಿವಿಯ ನರದ ಊತ. ಸುತ್ತು, ವಾಂತಿ ದಿನಗಟ್ಟಲೆ ಇರುತ್ತವೆ. ಇಲ್ಲಿ ಪ್ರೋಕ್ಲೋರ್‌ಪೆರಝೀನ್‌ನಂಥ ಗುಳಿಗೆ ಮೊದಲ ಎರಡು ಮೂರು ದಿನ ಉಪಕಾರಿ. ಆಮೇಲೆ ಎದ್ದು ಓಡಾಡಬೇಕು. ಕೆಟ್ಟ ಕಿವಿಯ ಕೊರತೆಯನ್ನು ತುಂಬಿಕೊಳ್ಳಲು ಮೆದುಳು ತಾನೇ ಕಲಿಯುತ್ತದೆ. ಗುಳಿಗೆ ಮುಂದುವರಿಸಿದರೆ ಆ ಕಲಿಕೆಗೇ ಮಂಪರು ಕವಿಯುತ್ತದೆ.

ಮೂರನೆಯದು ಮೆನಿಯೇರ್ ರೋಗ. ಬವಳಿಗೆ ಕಿವಿಯೇ ಮೂಲವಾಗಬಹುದೆಂದು 1861ರಲ್ಲಿ ಹೇಳಿದ ಪ್ಯಾರಿಸ್ಸಿನ ವೈದ್ಯರ ಹೆಸರು ಇದಕ್ಕಿದೆ. ಗಂಟೆಗಟ್ಟಲೆ ಸುತ್ತು, ಕಿವಿಯಲ್ಲಿ ಮೊರೆತ, ಮಂದಗಿವುಡು ಇದರ ಲಕ್ಷಣ. ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ. ಬೀಟಾಹಿಸ್ಟಿನ್ ಬರೆದುಕೊಡುವವರು ಬಹಳ. ಆದರೆ ಜರ್ಮನಿಯಲ್ಲಿ 221 ರೋಗಿಗಳ ಮೇಲೆ 9 ತಿಂಗಳು ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅದು ಔಷಧವಿಲ್ಲದ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಹಾಗೆಂದು ನುಂಗುತ್ತಿರುವವರು ತಾವಾಗಿ ಬಿಡಬಾರದು, ವೈದ್ಯರನ್ನು ಕೇಳಬೇಕು. ಉಬ್ಬಸ, ಹೊಟ್ಟೆಹುಣ್ಣು ಇರುವವರು ಅದನ್ನು ಮೊದಲೇ ತಿಳಿಸಬೇಕು.

ಇನ್ನು ಕೆಡುಕಿನ ವಿಚಾರ. ಪ್ರೋಕ್ಲೋರ್‌ಪೆರಝೀನ್, ಸಿನ್ನರಿಜಿನ್ ಎರಡೂ ತೂಕಡಿಕೆ ತರುತ್ತವೆ. ಅವನ್ನು ನುಂಗಿ ಯಂತ್ರದ ಮುಂದೆ ನಿಲ್ಲುವುದು, ಏಣಿ ಹತ್ತುವುದು, ಗಾಡಿ ನಡೆಸುವುದು ಅಪಾಯ. ಬಹುಕಾಲ ನುಂಗಿದರೆ ಕೈ ನಡುಗುವುದು, ಮೈ ಬಿಗಿಯುವುದು, ನಡಿಗೆ ನಿಧಾನವಾಗುವುದೂ ಉಂಟು. ಇದನ್ನು ಮುಪ್ಪೆಂದೋ ಬೇರೆ ರೋಗವೆಂದೋ ತಿಳಿದು ಮತ್ತೊಂದು ಔಷಧ ಹುಡುಕುವವರಿದ್ದಾರೆ. ದುಡಿಯುವ ಕೈಯನ್ನೇ ನಂಬಿ ಊರಿಗೆ ಹಣ ಕಳಿಸುವ ನಮಗೆ ಇದು ಸಣ್ಣ ಮಾತಲ್ಲ.

ಒಂದನ್ನು ಮಾತ್ರ ಮರೆಯಬೇಡಿ. ತಲೆಸುತ್ತಿನೊಡನೆ ನಾಲಿಗೆ ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಹಠಾತ್ತನೆ ಕಡು ತಲೆನೋವು ಬಂದರೆ, ಅದು ಮೆದುಳಿನ ಆಘಾತವಿರಬಹುದು. ಗುಳಿಗೆ ಹುಡುಕುತ್ತ ಕೂರದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ವೈದ್ಯರಲ್ಲಿ ಹೋದಾಗ ಮೂರು ಸಂಗತಿ ಹೇಳಿ: ಸುತ್ತು ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ, ಕಿವಿ ಕೇಳುವುದರಲ್ಲಿ ವ್ಯತ್ಯಾಸವಿದೆಯೇ. "ಈ ಗುಳಿಗೆ ಎಷ್ಟು ದಿನ?" ಎಂದು ಕೇಳಲು ಸಂಕೋಚ ಬೇಡ. ಗುಳಿಗೆಯ ಪಟ್ಟಿಯ ಮೇಲಿನ ಇಂಗ್ಲಿಷ್ ಓದಲು ಬಾರದವರು ಅದನ್ನು ಇಲ್ಲಿಗೆ ತನ್ನಿ. ಹೆಸರು ಓದಿ ಕನ್ನಡದಲ್ಲಿ ಬರೆದುಕೊಡುತ್ತೇವೆ. ಅಷ್ಟು ಕೆಲಸ ನಮ್ಮಿಂದ ಆದೀತು.