ಹೇಳಿದವನೂ ಹೇಳಿದ ಮಾತೂ



ಆರೋಗ್ಯದ ವಿಷಯದಲ್ಲಿ, ನಂಬಿಕೆ ಕಳೆದುಕೊಂಡ ಮೂಲದಿಂದ ಬಂದ ಮಾತಿಗೆ ನಾವು ಕಿವಿಗೊಡಬಹುದೇ? ವಿದ್ಯಾವಂತರಾದ ನಮ್ಮಲ್ಲಿ ಇದಕ್ಕೆ ಎರಡು ಸುಲಭವಾದ ಉತ್ತರಗಳುಂಟು. ಹಿರಿಯರು ನಡೆಸಿಕೊಂಡು ಬಂದುದೆಲ್ಲ ಹಿತವೆಂಬುದು ಒಂದು. ಮೂಢಾಚಾರದಲ್ಲಿ ಹುರುಳೇ ಇಲ್ಲವೆಂಬುದು ಇನ್ನೊಂದು. ಎರಡೂ ವಿಚಾರಮಾಡುವ ಶ್ರಮವನ್ನು ತಪ್ಪಿಸುತ್ತವೆ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆ ನಡೆಯುವ ಆಟಿ ಅಮಾವಾಸ್ಯೆಯ ಆಚರಣೆಯನ್ನು ತೆಗೆದುಕೊಳ್ಳೋಣ. ಬೆಳಕು ಹರಿಯುವ ಮುನ್ನ ಮನೆಯವರೊಬ್ಬರು ಪಾಲೆಯ ಮರಕ್ಕೆ, ಎಂದರೆ ನಾವು ಹಾಲೆ ಅಥವಾ ಸಪ್ತಪರ್ಣವೆನ್ನುವ ಮರದ ಬಳಿಗೆ, ಹೋಗುತ್ತಾರೆ. ತೊಗಟೆಗೆ ಕಬ್ಬಿಣ ಸೋಂಕಬಾರದು. ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಓಮ, ಮೆಣಸು, ಬೆಳ್ಳುಳ್ಳಿಗಳನ್ನು ಕೂಡಿಸಿ ಮಾಡಿದ ಆ ಕಹಿ ಕಷಾಯವನ್ನು ಬರಿಯ ಹೊಟ್ಟೆಯಲ್ಲಿ ಕುಡಿದು, ಬಳಿಕ ಮೆಂತೆಯ ಗಂಜಿ ಉಣ್ಣುತ್ತಾರೆ. ಅಂದು ಆ ಮರದಲ್ಲಿ ಸಕಲ ಔಷಧಿಗಳೂ ಬಂದು ಸೇರಿರುತ್ತವೆಂದು ನಂಬಿಕೆ.

ಈ ನಂಬಿಕೆಗೆ ಆಧಾರವಿಲ್ಲ. ಆದರೆ ಇಷ್ಟರಿಂದಲೇ ತೊಗಟೆ ನಿಷ್ಪ್ರಯೋಜಕವೆಂದು ಸಿದ್ಧವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ರಾಬರ್ಟ್ ಟಾಲ್ಬರ್ ಎಂಬವನಿದ್ದನು. ವೈದ್ಯಪದವಿಯಿಲ್ಲದ ಈತನು ಚಳಿಜ್ವರಕ್ಕೆ ಗುಟ್ಟಿನ ಮದ್ದು ಕೊಡುತ್ತಿದ್ದನು. ಜೆಸ್ವಿಟ್ ಪಾದ್ರಿಗಳ ತೊಗಟೆಪುಡಿಯ ವಿಷಯದಲ್ಲಿ ಎಚ್ಚರವಾಗಿರಿ ಎಂದು 1672ರಲ್ಲಿ ಪುಸ್ತಕದಲ್ಲಿಯೂ ಬರೆದನು. 1681ರಲ್ಲಿ ಅವನು ಸತ್ತನು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಹಣ ಕೊಟ್ಟು ಪಡೆದಿದ್ದ ಆ ಗುಟ್ಟು ಮರುವರ್ಷ ಪ್ರಕಟವಾಯಿತು. ಮದ್ದು ಬೇರೆ ಏನೂ ಅಲ್ಲ, ಆ ಪಾದ್ರಿಗಳ ಸಿಂಕೋನ ತೊಗಟೆಯೇ! 1820ರಲ್ಲಿ ಪೆಲೆಟಿಯೇ, ಕಾವೆಂತೂ ಎಂಬ ರಸಾಯನಶಾಸ್ತ್ರಜ್ಞರು ಅದರಿಂದಲೇ ಕ್ವಿನೈನನ್ನು ಬೇರ್ಪಡಿಸಿದರು. ವಂಚಕನ ಮದ್ದು ಗುಣವುಳ್ಳದ್ದಾಗಿತ್ತು. ಅದರಿಂದ ಅವನ ವಂಚನೆ ಸತ್ಯವಾಗಲಿಲ್ಲ.

ಹಾಲೆಯ ತೊಗಟೆಯನ್ನೂ ಒರೆಗೆ ಹಚ್ಚಿದ್ದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಿಪೈನ್ ದ್ವೀಪಗಳಲ್ಲಿ ಅದರ ಸಾರವನ್ನು ಕ್ವಿನೈನಿಗೆ ಬದಲಾಗಿ ಕೊಟ್ಟು ನೋಡಿದರು. ಆದರೆ ಕ್ವಿನೈನಿನಂತೆ ಅದು ಮಲೇರಿಯವನ್ನು ನೀಗುವುದೆಂದು ಸಿದ್ಧವಾಗಲಿಲ್ಲ. ನಾಲಗೆಗೆ ಎರಡು ತೊಗಟೆಗಳೂ ಕಹಿಯೇ; ಭೇದವನ್ನು ತೋರಿಸಿದ್ದು ಪರೀಕ್ಷೆ.

ಆದುದರಿಂದ ಆಚಾರವನ್ನು ಇಡಿಯಾಗಿ ಒಪ್ಪದೆ, ಇಡಿಯಾಗಿ ತಳ್ಳದೆ, ಬಿಡಿಸಿ ನೋಡಬೇಕು. ಕಬ್ಬಿಣದ ನಿಷೇಧದಿಂದ ಯಾರಿಗೂ ಕೇಡಿಲ್ಲ. ಮುಂಜಾವದ ಕತ್ತಲೆಯಿಂದ ಕೇಡುಂಟು. ಆ ಸೀಮೆಯಲ್ಲಿ ಕಾಸರಕದ ಮರವೂ ಬೆಳೆಯುತ್ತದೆ. ಅದರ ತೊಗಟೆಯಲ್ಲಿ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ವಿಷಗಳಿವೆ. ಒಂದು ಮರಕ್ಕೆ ಇನ್ನೊಂದೆಂದು ಕೈಹಾಕಿದರೆ ಮನೆಮಂದಿಯೆಲ್ಲರ ಪ್ರಾಣಕ್ಕೆ ಸಂಚಕಾರ. ಹಾಲೆಯ ಎಲೆಗಳು ಗೆಣ್ಣಿನ ಸುತ್ತ ಚಕ್ರಾಕಾರವಾಗಿ, ಅನೇಕವೇಳೆ ಏಳೇಳಾಗಿ, ಇರುತ್ತವೆ. ತೊಗಟೆಯನ್ನು ಕೆತ್ತಿದರೆ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡು, ಅದರಲ್ಲಿ ಹಾಲಿಲ್ಲ. ಕತ್ತಲೆಯಲ್ಲಿ ಈ ಗುರುತುಗಳನ್ನು ಕಾಣುವ ಬಗೆ ಹೇಗೆ?

ಕೆಲವು ಮನೆಗಳಲ್ಲಿ ಹಿಂದಿನ ದಿನವೇ ಹೋಗಿ ಮರಕ್ಕೆ ನೂಲು ಕಟ್ಟಿ ಬರುವ ವಾಡಿಕೆಯುಂಟು. ಮರಕ್ಕೆ ಮುಂದಾಗಿ ತಿಳಿಸಬೇಕೆಂಬುದು ಅವರು ಕೊಡುವ ಕಾರಣ. ಕಾರಣವನ್ನು ನಾವು ಒಪ್ಪದಿರಬಹುದು. ಹಗಲಿನಲ್ಲಿ ಮರವನ್ನು ಗುರುತಿಸಿಡುವ ಆ ಕ್ರಮವನ್ನು ಮಾತ್ರ ಯಾವ ವೈದ್ಯನೂ ಅಲ್ಲಗಳೆಯಲಾರನು.

ಇಂಥ ಯಾವ ಸಲಹೆ ಬಂದರೂ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ಪರೀಕ್ಷಿಸಿದವರುಂಟೇ? ತಪ್ಪಾದರೆ ಆಗುವ ಕೇಡೆಷ್ಟು? ಇದನ್ನು ನೆಚ್ಚಿ ನಾವು ಮುಂದೂಡುತ್ತಿರುವುದು ಯಾವುದನ್ನು? ವರ್ಷಕ್ಕೊಮ್ಮೆ, ಮರವನ್ನು ಬಲ್ಲವರು ತಂದ ತೊಗಟೆಯ ಕಷಾಯ ಕುಡಿಯುವುದು ಒಂದು ಮಾತು. ಚಳಿಜ್ವರ ಬಂದವರು ಅದನ್ನೇ ನಂಬಿ ರಕ್ತಪರೀಕ್ಷೆಯನ್ನು ನಾಳೆಗೆ ಹಾಕುವುದು ಬೇರೆಯೇ ಮಾತು, ಅದು ಸಲ್ಲದು.